ಕೇರಿ ಹಳ್ಳದ ದಂಡಿಗೆ ಇಟ್ಟವರು ನೀವು, ಪ್ರೀಮಿಯಂ ನಾವ್ಯಾಕ ಕಟ್ಟಬೇಕು?



ಪೋಸ್ಟ್ ಉದ್ದ ಐತಿ. ಕೂತು ಪೂರ್ತಿ ಓದ್ರಿ, ಓದಿ ನಿಮ್ಮೂರಿನ ಗ್ರೂಪಿಗೂ ಹಾಕ್ರಿ. ಮಳೆಗಾಲಕ್ಕ ಮೊದಲ ಆಡಬೇಕಾದ ಮಾತಿದು. ಗೋಡೆ ಬಿದ್ದ ಮ್ಯಾಲ ಆಡಿದ್ರ ಅದು ಬರೇ ಅಳು ಆಗತೈತಿ, ಅಳೋರನ್ನ ನೋಡಿ ಫೋಟೋ ತಗೊಂಡು ಹೋಗೋರು ಭಾಳ ಮಂದಿ ಅದಾರ.

ಈಚೆಗೆ ಒಂದು ಹೊಸ ಉಪದೇಶ ಶುರುವಾಗಿದೆ. "ಹವಾಮಾನ ಬದಲಾಗೇತಿ, ಮಳಿ ಹುಚ್ಚು ಹಿಡಿದಂಗ ಬರಾಕತ್ತೇತಿ, ನಿಮ್ಮ ಮನಿಗೆ ವಿಮೆ ಮಾಡಿಸ್ರಿ. ಎಷ್ಟು ವರ್ಷ ಅಂತ ಸರಕಾರದ ಮುಂದ ಕೈ ಒಡ್ಡತೀರಿ?" ಬ್ಯಾಂಕಿನ ಕೌಂಟರಿನಲ್ಲಿ ಹೇಳ್ತಾರೆ, ಏಜೆಂಟರು ಹೇಳ್ತಾರೆ, ನಮ್ಮಲ್ಲೇ ನಾಲ್ಕಕ್ಷರ ಕಲಿತು ಪ್ಯಾಟಿ ಸೇರಿದವರೂ ಹೇಳ್ತಾರೆ. ಟಿವಿಯಲ್ಲಿ ಕೂತ ಪಂಡಿತರು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾರೆ: ಪ್ರವಾಹ ವಲಯದ ನಕ್ಷೆ ಮಾಡಬೇಕು, ಯಾವ ಮನೆಗೆ ಅಪಾಯ ಹೆಚ್ಚೋ ಅದಕ್ಕೆ ಪ್ರೀಮಿಯಂ ಹೆಚ್ಚು ಹಾಕಬೇಕು, ಆಗ ಜನ ತಾವಾಗೇ ಅಪಾಯದ ಜಾಗ ಬಿಟ್ಟು ಹೋಗ್ತಾರೆ ಅಂತ.

ಕೇಳಾಕ ಚೆಂದ ಐತಿ. ಒಂದು ಸಲ ಅದನ್ನ ನಮ್ಮ ಕೇರಿಗೆ ಹಚ್ಚಿ ನೋಡ್ರಿ.

ನನ್ನ ಮಾತು ಇಷ್ಟೇ. ಅಪಾಯದ ಜಾಗದಲ್ಲಿ ನಮ್ಮನ್ನ ಕೂರಿಸಿದ್ದು ಜಾತಿ. ಈಗ ಆ ಅಪಾಯಕ್ಕೆ ಬೆಲೆ ಕಟ್ಟಿ ಪಾವತಿಯನ್ನ ನಮ್ಮ ಹೆಸರಿಗೆ ಹರಿಯೋದು ಅಂದ್ರೆ, ಹೊಡೆದವನ ಕೈ ನೋವಿಗೆ ಹೊಡೆಸಿಕೊಂಡವನ ಹತ್ರ ಔಷಧದ ರೊಕ್ಕ ಕೇಳಿದಂಗ. ವಿಮೆ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ. ವಿಮೆ ಬೇಕು. ಆದರೆ ಕಂತು ಸರಕಾರ ಕಟ್ಟಬೇಕು, ಅದಕ್ಕೂ ಮೊದಲು ಹಕ್ಕುಪತ್ರ ನಮ್ಮ ಕೈಗೆ ಬರಬೇಕು.

ಈ ಪ್ರವಾಹ ವಲಯ, ಪ್ರೀಮಿಯಂ ಅನ್ನೋ ಆಟ ಎಲ್ಲಿಂದ ಬಂತು ಅಂತ ಮೊದಲು ತಿಳ್ಕೊಳ್ಳೋಣ. ಅಮೆರಿಕದಲ್ಲಿ 1968ರಲ್ಲಿ ಕಾನೂನು ಮಾಡಿ ಸರಕಾರವೇ ಪ್ರವಾಹ ವಿಮೆ ಶುರು ಮಾಡಿತು. ಅಲ್ಲಿ ಊರೂರಿಗೆ ನಕ್ಷೆ ಐತಿ. ನಕ್ಷೆಯ ಗೆರೆಯೊಳಗೆ ಮನೆ ಇದ್ದು ಬ್ಯಾಂಕಿನ ಸಾಲ ಇದ್ದರೆ ಪ್ರವಾಹ ವಿಮೆ ಕಡ್ಡಾಯ. ಇದು 1973ರ ಕಾನೂನು. ನಕ್ಷೆ ತಿದ್ದಿದಾಗ ಗೆರೆ ಸರಿಯತೈತಿ. ಮನೆ ಇದ್ದಲ್ಲೇ ಇರತೈತಿ, ಗೆರೆ ಮಾತ್ರ ಮನೆಯ ಈಚೆಗೆ ಬಂದು ನಿಲ್ಲತೈತಿ. ನಿನ್ನೆ ತನಕ ಇಲ್ಲದ ಖರ್ಚು ಇವತ್ತು ಬ್ಯಾಂಕಿನ ಪತ್ರದೊಳಗ ಬರತೈತಿ. 2021ರ ಅಕ್ಟೋಬರ್ 1ರಿಂದ ಅಲ್ಲಿ ಲೆಕ್ಕದ ರೀತಿಯೇ ಬದಲಾಯಿತು. ಈಗ ಒಂದೊಂದು ಮನೆಯ ಅಪಾಯ ಬೇರೆ ಬೇರೆ ಅಳೆದು ದರ ಹಾಕ್ತಾರೆ. ಬಹಳಷ್ಟು ಮನೆಗಳಿಗೆ ವರ್ಷಕ್ಕೆ ಶೇ. 18ಕ್ಕಿಂತ ಹೆಚ್ಚು ಏರಿಸಬಾರದು ಅಂತ ಕಾನೂನು ಐತಿ. ಅಂದ್ರೆ ವರ್ಷಾ ವರ್ಷಾ 18ರ ತನಕ ಏರಿಸಬಹುದು ಅಂತಾನೂ ಅರ್ಥ.

ಅಲ್ಲಿ ತಗ್ಗಿನಾಗ ಇರೋರು ಯಾರು? ಎಲ್ಲಾ ಕಡೆ ಬಡವರೇ ಅಂತ ಅಲ್ಲ, ಸಮುದ್ರದ ದಂಡಿ ಬಂಗಲೆಯವರೂ ಅದಾರ. ಆದರೆ ನ್ಯೂ ಆರ್ಲಿಯನ್ಸ್ ಊರಿನ ಕಥೆ ಕೇಳ್ರಿ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಬಂದು ಒಡ್ಡು ಒಡೆದಾಗ ಕರಿಯರ ಮೊಹಲ್ಲಾಗಳು ಮುಳುಗಿದವು. ಆಮೇಲೆ ಮನೆ ಕಟ್ಟಿಕೊಳ್ಳಲು 'ರೋಡ್ ಹೋಮ್' ಅಂತ ಸರಕಾರಿ ಯೋಜನೆ ಬಂತು. ಅದರ ಲೆಕ್ಕ ಹೀಗಿತ್ತು: ಮನೆ ಮತ್ತೆ ಕಟ್ಟುವ ಖರ್ಚು ಒಂದು ಕಡೆ, ಮುಳುಗುವ ಮೊದಲು ಆ ಮನೆಗಿದ್ದ ಮಾರುಕಟ್ಟೆ ಬೆಲೆ ಇನ್ನೊಂದು ಕಡೆ, ಎರಡರೊಳಗ ಯಾವುದು ಕಡಿಮೆಯೋ ಅದರ ಮ್ಯಾಲ ಪರಿಹಾರ. ಕರಿಯರ ಓಣಿಯ ಮನೆಗೆ ಬೆಲೆ ಕಡಿಮೆ, ಯಾಕಂದ್ರ ಅದು ಕರಿಯರ ಓಣಿ. ಇಟ್ಟಂಗಿ ಅದೇ, ಸಿಮೆಂಟು ಅದೇ, ಮುಳುಗಿಸಿದ ನೀರೂ ಅದೇ, ರೊಕ್ಕ ಮಾತ್ರ ಕಡಿಮೆ. ಜನ ಕೋರ್ಟಿಗೆ ಹೋದರು, 2011ರಲ್ಲಿ ಸರಕಾರ ರಾಜಿಗೆ ಬರಬೇಕಾಯಿತು.

ಇದನ್ನ ಯಾಕ ಹೇಳಿದೆ ಅಂದ್ರ, ಲೆಕ್ಕಕ್ಕ ಬಣ್ಣ ಇಲ್ಲ, ಜಾತಿ ಇಲ್ಲ ಅಂತಾರಲ್ಲ, ಅದು ಸುಳ್ಳು. ಕೂಡಿಸೋ ಕಳೆಯೋ ಅಂಕಿಯೊಳಗ ಜಾತಿ ಕೂತಿರತೈತಿ.

ಈಗ ನಮ್ಮ ನೆಲಕ್ಕ ಬರೋಣ.

ನಮ್ಮ ದೇಶದಲ್ಲಿ ಪ್ರವಾಹ ವಲಯದ ಮಾದರಿ ಮಸೂದೆಯೊಂದನ್ನು ಕೇಂದ್ರ ಸರಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆ ರಾಜ್ಯಗಳು ಕಾನೂನು ಮಾಡಿದವು, ಕರ್ನಾಟಕ ಮಾಡಲಿಲ್ಲ. ಹಂಗಂತ ನಮಗ ಗೆರೆ ಇಲ್ಲ ಅಂತ ತಿಳೀಬ್ಯಾಡ್ರಿ. ಗೆರೆ ಕಾಗದದಾಗ ಇಲ್ಲ, ಬಾಯಾಗ ಐತಿ. "ಅದು ಮುಳುಗೋ ಜಾಗ, ಅಲ್ಲಿ ಹೊಸ ಮನಿ ಕೊಡಾಕ ಬರೂದಿಲ್ಲ." "ಅದು ಹಳ್ಳದ ಜಾಗ, ನಿಮ್ಮದು ಅತಿಕ್ರಮಣ." ಈ ಎರಡು ಮಾತು ಕೇಳದ ಕೇರಿ ಯಾವುದೈತಿ ಹೇಳ್ರಿ.

ಧಾರವಾಡ ಜಿಲ್ಲೆಯ ನೀರಿಗೆ ಎರಡು ಮುಖ. ಕುಂದಗೋಳ ಕಡೆಯಿಂದ ನವಲಗುಂದಕ್ಕ ಹೋಗೋದು ಬೆಣ್ಣಿಹಳ್ಳ, ಅದಕ್ಕ ಬಂದು ಕೂಡೋದು ತುಪ್ಪರಿಹಳ್ಳ. ಹೆಸರು ಬೆಣ್ಣಿ, ತುಪ್ಪ. ಬಂದಾಗ ಮನಿ ತುಂಬ ಕೆಸರು. ಎರಿ ಹೊಲದ ನೀರೆಲ್ಲಾ ಹೊತ್ತು ಒಮ್ಮೆಗೇ ಏರಿ, ಊರು ಸುತ್ತುವರಿದು, ಮುಂದೆ ಮಲಪ್ರಭಾ ಸೇರತಾವ. ಅಲ್ಲಿ ನೀರು ಕಣ್ಣಿಗೆ ಕಾಣತೈತಿ, ಕ್ಯಾಮರಾ ಬರತಾವ, ಮಂತ್ರಿ ಬರತಾರ.

ನಮ್ಮ ಕಲಘಟಗಿ ತಾಲೂಕು, ನಮ್ಮ ದೇವಿಕೊಪ್ಪದ ಕಡೆ ಹಂಗಲ್ಲ. ಇದು ಅರೆಮಲೆನಾಡು. ಬೇಡ್ತಿ ನೀರು ಪಶ್ಚಿಮಕ್ಕ ಹೋಗತೈತಿ. ಇಲ್ಲಿ ಮನೆ ಕೆಡವೋದು ಏರಿ ಬಂದ ನದಿ ಅಲ್ಲ, ಹತ್ತು ಹದಿನೈದು ದಿನ ಬಿಡದೇ ಹಿಡಿಯೋ ಜಡಿಮಳೆ. ಮಣ್ಣಿನ ಗೋಡೆ ಬುಡದಿಂದ ನೀರು ಕುಡೀತೈತಿ. ಮ್ಯಾಲ ಹಂಚು, ತಗಡು ಗಟ್ಟಿ ಇದ್ದಂಗ ಕಾಣತೈತಿ, ಕೆಳಗ ಗೋಡೆ ಮೆತ್ತಗ ಆಗಿರತೈತಿ. ಮಳೆ ನಿಂತು ಬಿಸಿಲು ಬಿದ್ದ ಮರುದಿನ, ಇಲ್ಲಾ ಮಧ್ಯರಾತ್ರಿ ಎಲ್ಲಾರೂ ಮಲಗಿದಾಗ, ಗೋಡೆ ಕೂತುಬಿಡತೈತಿ. ಇದಕ್ಕ ಪ್ರವಾಹ ಅನ್ನೋ ಹೆಸರಿಲ್ಲ. ನದಿಯಿಂದ ಗೆರೆ ಹೊಡೆದು ಮಾಡೋ ಯಾವ ನಕ್ಷೆಯಲ್ಲೂ ಈ ಮನೆ ಇರೂದಿಲ್ಲ.

ಅಂದ್ರ ನಮ್ಮ ಪಾಡು ಎರಡೂ ಕಡೆ ಕೆಟ್ಟದ್ದು. ಹಳ್ಳದ ದಂಡಿಯ ಕೇರಿ ಗೆರೆಯೊಳಗ ಬಂತು ಅಂದ್ರ "ಇಲ್ಲಿ ಮನಿ ಕಟ್ಟಬ್ಯಾಡ್ರಿ" ಅಂತಾರೆ. ಜಡಿಮಳೆಗೆ ಬೀಳೋ ಕೇರಿ ಗೆರೆಯ ಹೊರಗ ಉಳೀತು ಅಂದ್ರ "ನಿಮ್ಮಲ್ಲಿ ಪ್ರವಾಹನೇ ಇಲ್ಲಲ್ಲ" ಅಂತಾರೆ.

ಕೇರಿ ಯಾಕ ತಗ್ಗಿನಾಗೇ ಐತಿ? ಊರಿನ ಎತ್ತರದ ಜಾಗ ಯಾರದು ಅಂತ ಯಾವ ಊರಿಗಾದರೂ ಹೋಗಿ ನೋಡ್ರಿ. ಗೌಡರ ಮನೆ, ಗುಡಿ, ಚಾವಡಿ ದಿಬ್ಬದ ಮ್ಯಾಲ. ಊರ ಗಟಾರದ ನೀರೆಲ್ಲಾ ಇಳಿದು ಬರೋ ಕಡೆ, ಕೆರೆಯ ಕೋಡಿ ನೀರು ಹರಿಯೋ ಕಡೆ, ಹಳ್ಳದ ಮಗ್ಗಲು ನಮ್ಮ ಕೇರಿ. ಬಾಬಾಸಾಹೇಬರ ಬರಹ ಮತ್ತು ಭಾಷಣಗಳ 5ನೇ ಸಂಪುಟ ತೆಗೆದು ನೋಡ್ರಿ. ಅಸ್ಪೃಶ್ಯರ ಮ್ಯಾಲ ಊರು ಹೇರಿದ ಕಟ್ಟಳೆಗಳನ್ನ ಅವರು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಊರಿನಿಂದ ದೂರ ಬೇರೆಯೇ ಇರಬೇಕು ಅನ್ನೋದು ಅದರಾಗ ಐತಿ. ಹಂಚಿನ ಮನೆ ಕಟ್ಟಿಕೊಳ್ಳೋದು ಅಪರಾಧ ಅನ್ನೋದೂ ಐತಿ.

ಹಂಚಿನ ಮನೆ ಅಪರಾಧ. ಇದನ್ನ ನೆನಪಿಟ್ಟುಕೊಂಡು ಸರಕಾರದ ಪರಿಹಾರದ ಪಟ್ಟಿ ಓದ್ರಿ.

ರಾಜ್ಯ ವಿಪತ್ತು ನಿಧಿಯಿಂದ ಕೊಡೋ ಹಣಕ್ಕ ಕೇಂದ್ರ ಸರಕಾರ ದರ ಗೊತ್ತು ಮಾಡೇತಿ. 2022ರಿಂದ 2026ರ ಅವಧಿಯ ಪಟ್ಟಿ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಬಿದ್ದ ಪಕ್ಕಾ ಮನೆಗೆ 6,500. ಭಾಗಶಃ ಬಿದ್ದ ಕಚ್ಚಾ ಮನೆಗೆ 4,000. ಗುಡಿಸಲಿಗೆ 8,000. ಗುಡಿಸಲು ಅಂದ್ರೇನು ಅಂತ ಆ ಪಟ್ಟಿಯಲ್ಲೇ ವಿವರ ಐತಿ: ಕಚ್ಚಾ ಮನೆಗಿಂತ ಕೆಳಗಿನದು, ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಗಳಿಂದ ಮಾಡಿದ ತಾತ್ಕಾಲಿಕ ವಸತಿ, ಜಿಲ್ಲಾಡಳಿತ ಯಾವುದನ್ನ ಗುಡಿಸಲು ಅಂತ ಗುರುತಿಸತೈತೋ ಅದು.

ನೋಡ್ರಿ, ಮನೆಗೂ ಜಾತಿ ಬಂತು. ಪಕ್ಕಾ, ಕಚ್ಚಾ, ಅದಕ್ಕೂ ಕೆಳಗ ಗುಡಿಸಲು. ಅಜ್ಜನಿಗೆ ಹಂಚು ಹೊದಿಸಾಕ ಬಿಡಲಿಲ್ಲ. ಮೊಮ್ಮಗನಿಗೆ "ನಿಂದು ಕಚ್ಚಾ ಮನಿ, ನಿನಗ ಕಡಿಮಿ" ಅಂತಾರೆ. ಕಳೆದ ಶತಮಾನದ ಅಪಮಾನವೇ ಈ ಶತಮಾನದ ದರಪಟ್ಟಿ ಆಗೇತಿ.

4,000 ರೂಪಾಯಿ ಅಂದ್ರ ಎಷ್ಟು? 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ರೂಪಾಯಿ. ಅಂದ್ರ ಹನ್ನೊಂದು ದಿನದ ಕೂಲಿ ಸಹಿತ ತುಂಬೂದಿಲ್ಲ. ಬಿದ್ದ ಗೋಡೆಯ ಮಣ್ಣು ಎತ್ತಿ ಹಾಕಾಕ, ಸಾಮಾನು ಬ್ಯಾರೆ ಮನಿಗೆ ಸಾಗಿಸಾಕ, ಕಚೇರಿಗೆ ನಾಲ್ಕು ಸಲ ಅಡ್ಡಾಡಾಕ ಅದಕ್ಕಿಂತ ಹೆಚ್ಚು ಕೂಲಿ ಮುರಕೊಂಡಿರತೀವಿ.

ಇನ್ನೂ ಒಂದು ಶರತ್ತು ಆ ಪಟ್ಟಿಯ ಅಡಿಯಲ್ಲಿ ಕೂತೈತಿ. ಬಿದ್ದ ಮನೆ ಅಧಿಕೃತ ಕಟ್ಟಡ ಅಂತ ರಾಜ್ಯ ಸರಕಾರದ ಸಕ್ಷಮ ಅಧಿಕಾರಿ ಪ್ರಮಾಣೀಕರಿಸಬೇಕು. ಮೂರು ತಲೆಮಾರಿನಿಂದ ಕೂತ ಜಾಗ, ಕರೆಂಟ್ ಐತಿ, ರೇಷನ್ ಕಾರ್ಡ್ ಐತಿ, ವೋಟು ಐತಿ, ಉತಾರ ಇಲ್ಲ. ವೋಟ್ ಕೇಳಾಕ ಬರೋವಾಗ ಅದೇ ಮನೆ ಅಧಿಕೃತ, ಗೋಡೆ ಬಿದ್ದಾಗ ಅನಧಿಕೃತ.

2019ರ ಆಗಸ್ಟ್ ನೆನಪು ಮಾಡ್ಕೋರಿ. ಆ ವರ್ಷ ರಾಜ್ಯ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಅಂತ ಘೋಷಣೆ ಮಾಡಿತು. ಆಗ ಕೇಂದ್ರದ ದರಪಟ್ಟಿಯಲ್ಲಿ ಅದೇ ಮನೆಗೆ ಇದ್ದದ್ದು 95,100 ರೂಪಾಯಿ. ಮನಸ್ಸು ಮಾಡಿದರೆ ಕೊಡಬಹುದು ಅನ್ನೋದಕ್ಕ ಇದಕ್ಕಿಂತ ಸಾಕ್ಷಿ ಬ್ಯಾಡ. ಆದರೆ ಆ 5 ಲಕ್ಷದ ಬಾಗಿಲಿಗೆ ಎ, ಬಿ, ಸಿ ಅಂತ ಮೂರು ಚಿಲಕ ಇದ್ದವು. ಪೂರ್ತಿ ಹಾನಿ ಎ, ಅರೆ ಹಾನಿ ಬಿ, ಸ್ವಲ್ಪ ಹಾನಿ ಸಿ. ಸಿ ಅಂದ್ರ 50,000. ಒಂದು ಅಕ್ಷರಕ್ಕ ಲಕ್ಷಗಟ್ಟಲೆ ಫರಕು.

ಅಕ್ಷರ ಹಚ್ಚೋರು ಎಂಜಿನಿಯರ್, ತಲಾಟಿ, ಪಿಡಿಒ. ಸಿಮೆಂಟಿನ ಮನೆಗೆ ಶೇಕಡಾವಾರು ಲೆಕ್ಕ ನಡೀಬಹುದು. ಮಣ್ಣಿನ ಮನೆಗೆ ನಡೆಯೂದಿಲ್ಲ. ನಾಲ್ಕು ಗೋಡೆಯೊಳಗ ಒಂದು ಬಿತ್ತು ಅಂದ್ರ ಉಳಿದ ಮೂರೂ ಅದೇ ನೀರು ಕುಡಿದಾವ. ಸೋಮವಾರ ಬಂದ ಸಾಹೇಬರು "ಸಿ" ಅಂತ ಬರಕೊಂಡು ಹೋಗ್ತಾರೆ, ಶುಕ್ರವಾರ ಉಳಿದ ಗೋಡೆ ಬೀಳತೈತಿ. "ಒಮ್ಮೆ ಸರ್ವೇ ಆಗೇತ್ರಿ, ಮತ್ತ ಬರಾಕಾಗೂದಿಲ್ಲ." ಅರ್ಜಿ ಬರೆದುಕೊಡೋ ಕೆಲಸ ಮಾಡೋ ನಮ್ಮಂಥವರಿಗೆ ಈ ಮಾತು ಬಾಯಿಪಾಠ ಆಗೇತಿ.

ಪಟ್ಟಿಯಲ್ಲಿ ಹೆಸರು ಬಂದವರಿಗೂ ರೊಕ್ಕ ಒಮ್ಮೆಗೇ ಬರಲಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಕಂತು ಕಂತಾಗಿ: ಬುನಾದಿ ಹಾಕಿದ ಫೋಟೋ, ಗೋಡೆ ಎದ್ದ ಫೋಟೋ, ಚಾವಣಿ ಫೋಟೋ. ಕೈಯಾಗ ರೊಕ್ಕ ಇದ್ದವನು ಮೊದಲು ಕಟ್ಟಿ ಆಮೇಲೆ ಕಂತು ತಗೊಳ್ಳತಾನ. ಕೈಯಾಗ ಇಲ್ಲದವನು ಬುನಾದಿಯಲ್ಲೇ ನಿಂತು ಸಾಲಕ್ಕ ಓಡತಾನ.

ಇದೆಲ್ಲಾ ಪರಿಹಾರದ ಕಥೆ ಆಯಿತು. "ಅದಕ್ಕೇ ವಿಮೆ ಮಾಡಸ್ರಿ ಅನ್ನೋದು" ಅಂತೀರಿ. ಬರ್ರಿ, ವಿಮೆಯನ್ನೂ ನೋಡೋಣ.

2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅಂತ ಒಂದೇ ನಮೂನೆಯ ಮನೆ ವಿಮೆ ದೇಶದ ತುಂಬ ಬಂದೈತಿ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ ಎಲ್ಲಾ ಅದರೊಳಗ ಬರತಾವ. ಮನೆಗೆ ಎಷ್ಟು ವಿಮೆಯೋ ಅದರ ಶೇ. 20ರಷ್ಟು, 10 ಲಕ್ಷದ ಮಿತಿಯೊಳಗ, ಮನೆಯ ಸಾಮಾನಿಗೂ ತಾನಾಗೇ ರಕ್ಷಣೆ. ಕಾಗದದ ಮ್ಯಾಲ ಒಳ್ಳೇ ಪಾಲಿಸಿ. ಇವತ್ತಿಗೆ ಅದರ ಕಂತು ಭಾಳ ದೊಡ್ಡದೂ ಅಲ್ಲ, ಖರೇನ ಹೇಳತೀನಿ. ಅಮೆರಿಕದಂಗ ಮನಿ ಮನಿ ಅಳೆದು ಪ್ರವಾಹದ ದರ ಹಾಕೋದು ಇಲ್ಲಿ ಇನ್ನೂ ಬಂದಿಲ್ಲ. ಬರೂದಕ್ಕ ಮೊದಲ ಮಾತಾಡಬೇಕು ಅಂತನ ಇಷ್ಟೆಲ್ಲಾ ಬರೀತಿರೋದು.

ಆದರೆ ಈಗಲೂ ಆ ಪಾಲಿಸಿ ಯಾರ ಮನೆ ನೋಡಿ ಬರೆದದ್ದು? ಮನೆಯ ವಿಸ್ತೀರ್ಣ ಹೇಳಬೇಕು, ಕಟ್ಟಡದ ಖರ್ಚು ಹೇಳಬೇಕು, ಆ ಮನೆ ನಿನ್ನದು ಅಂತ ತೋರಿಸಬೇಕು. ಉತಾರ ಇಲ್ಲದವನು ಏನು ತೋರಿಸಬೇಕು? ವಿಮೆ ದಂಧೆಯ ಭಾಷೆಯಲ್ಲಿ ಕಚ್ಚಾ ಕಟ್ಟಡ ಅಂದ್ರ ಹಲಗೆ, ಹುಲ್ಲು, ಬಿದಿರು, ಪ್ಲಾಸ್ಟಿಕ್, ತಾಡಪಾಲ್ ಹೊದ್ದ ಮನೆ. ಇನ್ನು ಸವಕಲು, ಹಳೇತನ, ಕಟ್ಟಿದ್ದರ ದೋಷದಿಂದ ಆದ ಹಾನಿ ಆಸ್ತಿ ವಿಮೆಯ ಹೊರಗ ಉಳಿಯೋದು ಸಾಮಾನ್ಯ. ಹದಿನೈದು ದಿನದ ಮಳೆಗೆ ನೆನೆದು ಕೂತ ಮಣ್ಣಿನ ಗೋಡೆಯನ್ನ ಸರ್ವೇಯರ್ ಮಳೆಯ ಲೆಕ್ಕಕ್ಕ ಹಾಕತಾನೋ, ಹಳೇ ಗೋಡೆಯ ಲೆಕ್ಕಕ್ಕ ಹಾಕತಾನೋ? ಆ ಜಗಳ ಆಡಾಕ ವಕೀಲರನ್ನ ಯಾರು ಇಡಬೇಕು?

"ವಿಮೆ ಕಂತು ಸರಕಾರ ಕಟ್ಟಬೇಕು ಅಂದ್ರ ಹ್ಯಾಂಗ? ಎಲ್ಲಾ ಪುಕ್ಕಟೆ ಬೇಕು ನಿಮಗ" ಅನ್ನೋರಿಗೆ ಒಂದು ಪ್ರಶ್ನೆ. ಬೆಳೆ ವಿಮೆಗೆ ರೈತ ಎಷ್ಟು ಕಟ್ಟತಾನ? ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಉಳಿದ ಪ್ರೀಮಿಯಂ ಎಲ್ಲಾ ಕೇಂದ್ರ, ರಾಜ್ಯ ಸರಕಾರಗಳು ತುಂಬತಾವ. ಅದು ಸರಿಯಾದದ್ದು, ರೈತನಿಗೆ ಸಿಗಲೇಬೇಕು. ಅವನ ಬೆಳೆಗೆ ಅಪಾಯ ಐತಿ ಅಂತ ಹೊಲಾ ಬಿಟ್ಟು ಹೋಗು ಅಂತ ಯಾರೂ ಹೇಳೂದಿಲ್ಲ. ಹೊಲ ಇದ್ದವನ ಹೆಸರು, ಮೆಣಸಿನಕಾಯಿ, ಕಡಲೆಗೆ ಸರಕಾರ ಪ್ರೀಮಿಯಂ ಕಟ್ಟತೈತಿ. ಅದೇ ಹೊಲದಾಗ ಕಳೆ ತೆಗೆಯೋ ಹೆಣ್ಣುಮಗಳ ಮನಿಗೆ ಯಾಕ ಕಟ್ಟಬಾರದು? ಬೆಳೆ ಹೋದ ವರ್ಷ ಅಕಿ ಕೂಲಿನೂ ಹೋಗಿರತೈತಿ. ಕೂಲಿಗೆ ವಿಮೆ ಇಲ್ಲ, ಮನಿಗೂ ಇಲ್ಲ.

ಜೀವಕ್ಕ ವಿಮೆ ಐತಿ. ವರ್ಷಕ್ಕ 20 ರೂಪಾಯಿ ಖಾತೆಯಿಂದ ಮುರಕೊಂಡ್ರ ಅಪಘಾತಕ್ಕ 2 ಲಕ್ಷ, 436 ಮುರಕೊಂಡ್ರ ಜೀವಕ್ಕ 2 ಲಕ್ಷ. ಸತ್ತರ ರೊಕ್ಕ ಐತಿ, ಬದುಕಿ ಉಳಿದವರ ತಲೆ ಮ್ಯಾಲಿನ ಸೂರಿಗೆ ಅಂಥಾದ್ದೊಂದು ಯೋಜನೆ ಇಲ್ಲ. ಹಿಂದ ಒಂದಿತ್ತು. 1988ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ಬಡವರಿಗೆ ಗುಡಿಸಲು ವಿಮೆ ಅಂತ ತಂದಿತ್ತು. ಕಂತು ಸರಕಾರದ್ದೇ. ಗುಡಿಸಲಿಗೆ 1,000, ಸಾಮಾನಿಗೆ 500, ಅದೂ ಬೆಂಕಿ ಬಿದ್ದರೆ ಮಾತ್ರ. ಮೊತ್ತ ಸಣ್ಣದು, ತತ್ವ ದೊಡ್ಡದು: ಬಡವನ ಮನೆಯ ಪ್ರೀಮಿಯಂ ಸರಕಾರ ಕಟ್ಟಬಹುದು ಅಂತ ಈ ದೇಶ ಒಮ್ಮೆ ಒಪ್ಪಿಕೊಂಡಿತ್ತು. ನಾವು ಕೇಳೋದು ಹೊಸದೇನಲ್ಲ.

ನವಲಗುಂದದ ನೆಲದಾಗ ಇನ್ನೊಂದು ಇತಿಹಾಸ ಐತಿ. ಮಲಪ್ರಭಾ ಕಾಲುವೆ ಬಂದಾಗ "ನಿಮ್ಮ ಹೊಲದ ಬೆಲೆ ಏರೇತಿ" ಅಂತ ಸರಕಾರ ರೈತರ ಮ್ಯಾಲ ಅಭಿವೃದ್ಧಿ ಕರ ಹಾಕಿತು. ನೀರು ಸರಿಯಾಗಿ ಬರದ ಹೊಲಕ್ಕೂ ಕರ. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರು ಎದ್ದರು, ಗುಂಡು ಹಾರಿದವು, ಆ ಹುತಾತ್ಮರನ್ನ ಇವತ್ತಿಗೂ ನೆನೀತೀವಿ. ಸರಕಾರ ನಕ್ಷೆ ಹಾಕಿ, ಬೆಲೆ ಹೇಳಿ, ಪಾವತಿ ಹರಿದು ಕೈಗೆ ಕೊಡೋದು ಏನು ಅಂತ ಈ ಜಿಲ್ಲೆಯ ರೈತರಿಗೆ ಗೊತ್ತೈತಿ. ಅದಕ್ಕ ರೈತ ಸಂಘದ ಗೆಳೆಯರಿಗೆ ಕೇಳತೀನಿ: ಬೆಲೆ ಏರಿಕೆಯ ಕರ ನೀವು ತಿರಸ್ಕರಿಸಿದಿರಿ, ಸರಿ ಮಾಡಿದಿರಿ. ತಗ್ಗಿನ ಕೇರಿಗೆ ಅಪಾಯದ ದರ ಹಚ್ಚಾಕ ಬಂದಾಗ ನಮ್ಮ ಜೋಡಿ ನಿಲ್ಲತೀರೇನು?

ಇನ್ನು ಒಂದು ವಾದ ಐತಿ, ಅದನ್ನ ಹಗುರಾಗಿ ತಳ್ಳಿ ಹಾಕೂದಿಲ್ಲ. "ಪ್ರೀಮಿಯಂ ಸರಕಾರ ಕಟ್ಟಿದರೆ ಜನ ಅಪಾಯದ ಜಾಗದಲ್ಲೇ ಕೂತುಬಿಡ್ತಾರೆ, ಇನ್ನೊಮ್ಮೆ ಮುಳುಗ್ತಾರೆ, ಜೀವ ಹೋಗತೈತಿ." ಜೀವದ ಮಾತು ಖರೆ. ಆದರೆ ಈ ವಾದ ನಡೀಬೇಕಂದ್ರ ಜಾಗ ಆರಿಸೋ ಆಯ್ಕೆ ನಮ್ಮ ಕೈಯಾಗ ಇರಬೇಕು. ಬೆಂಗಳೂರಿನಾಗ ಕೆರೆ ಮುಚ್ಚಿ ಎದ್ದ ವಿಲ್ಲಾ ಕೊಂಡವನಿಗೆ ಆಯ್ಕೆ ಇತ್ತು. ಅವನಿಗೆ ದರ ಏರಿಸ್ರಿ, ನನ್ನ ತಕರಾರಿಲ್ಲ. ಕೇರಿಯವನಿಗೆ ದಿಬ್ಬದ ಮ್ಯಾಲ ಒಂದು ಗುಂಟೆ ಯಾರು ಮಾರತಾರ? ರೊಕ್ಕ ಹಿಡಕೊಂಡು ಹೋದರೂ "ನಮ್ಮ ಮಂದಿಗೇ ಕೊಡೋದ್ರಿ" ಅನ್ನೋ ಊರಿನಾಗ ಪ್ರೀಮಿಯಂ ಏರಿಸಿದರೆ ನಾವು ಎಲ್ಲಿಗೆ ಹೋಗಬೇಕು? ಆಯ್ಕೆ ಇಲ್ಲದವನಿಗೆ ಹಚ್ಚಿದ ದರ ಎಚ್ಚರಿಕೆ ಅಲ್ಲ, ದಂಡ.

ಸ್ಥಳಾಂತರದ ಪಾಠನೂ ಆಗೇತಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆಗೆ ಉತ್ತರ ಕರ್ನಾಟಕ ಮುಳುಗಿದ ಮ್ಯಾಲ 'ಆಸರೆ' ಹೆಸರಿನಾಗ ಹೊಸ ಊರು ಕಟ್ಟಿದರು. ದಾನಿಗಳು ಬಂದರು, ಕಂಪನಿಗಳು ಬಂದವು, ಕಲ್ಲಿನ ಮ್ಯಾಲ ಹೆಸರು ಕೆತ್ತಿಸಿಕೊಂಡರು. ಎಷ್ಟೋ ಮನೆಗಳು ಖಾಲಿ ಉಳಿದವು, ಜಾಲಿ ಬೆಳೀತು. ಯಾಕ? ಹೊಲ ದೂರ, ಕೂಲಿ ದೂರ, ನೀರಿಲ್ಲ, ದನ ಕಟ್ಟಾಕ ಜಾಗ ಇಲ್ಲ. ಜನರನ್ನ ಕೇಳದೇ ಹಾಕಿದ ನಕ್ಷೆಗೆ ಜನ ಬರೂದಿಲ್ಲ.

ನಮ್ಮವರಿಗೂ ಒಂದು ಮಾತು. "ವಿಮೆ ಗಿಮೆ ಯಾಕಣ್ಣಾ, ಬಿದ್ದಾಗ ಸರಕಾರ ಏನರ ಕೊಡತೈತಿ" ಅಂತ ಕೂರಬ್ಯಾಡ್ರಿ. ಪರಿಹಾರ ಅನ್ನೋದು ಆ ವರ್ಷದ ಮಂತ್ರಿಯ ಬಾಯಿ ಮಾತು. ಒಂದು ವರ್ಷ 5 ಲಕ್ಷ, ಇನ್ನೊಂದು ವರ್ಷ ಕೇಂದ್ರದ ದರ. ಚುನಾವಣೆ ಹತ್ರ ಇದ್ದರ ಒಂದು ನಮೂನಿ, ದೂರ ಇದ್ದರ ಇನ್ನೊಂದು ನಮೂನಿ. ವಿಮೆ ಕರಾರು. ಕರಾರಿನ ಮ್ಯಾಲ ನಿಂತು ಕೇಳಬಹುದು, ಕೋರ್ಟಿಗೆ ಹೋಗಬಹುದು. ಬಾಬಾಸಾಹೇಬರು ನಮಗ ಕೈ ಒಡ್ಡಾಕ ಕಲಿಸಲಿಲ್ಲ, ಹಕ್ಕು ಕೇಳಾಕ ಕಲಿಸಿದರು.

ಹಂಗಾರ ನಮ್ಮ ಬೇಡಿಕೆ ಏನು? ಸ್ಪಷ್ಟ ಬರೀತೀನಿ.

1. ಗೆರೆಗಿಂತ ಮೊದಲು ಹಕ್ಕುಪತ್ರ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಗ್ರಾಮೀಣ ಬಡವರಿಗೆ ಸಕ್ರಮ ಮಾಡಿಕೊಡಲು ಭೂ ಕಂದಾಯ ಕಾಯ್ದೆಯಲ್ಲಿ 94ಸಿ ಕಲಂ ಐತಿ. ಕೊಳೀತಿರೋ ಅರ್ಜಿ ತೆಗೀರಿ. ಇ-ಸ್ವತ್ತಿನಲ್ಲಿ ಕೇರಿಯ ಪ್ರತಿ ಮನೆ ಬರಬೇಕು. ಅಲ್ಲಿ ತನಕ ಪ್ರವಾಹ ವಲಯ ಅನ್ನೋ ಹೆಸರಿನಾಗ ಒಂದೇ ಒಂದು ಮನೆ ಎಬ್ಬಿಸಬಾರದು.

2. ಕೇರಿ, ತಾಂಡಾ, ಹಟ್ಟಿಯ ಪ್ರತಿ ಮನೆಗೆ ಗುಂಪು ವಿಮೆ, ಪೂರ್ತಿ ಪ್ರೀಮಿಯಂ ಸರಕಾರದ್ದು. ಅದೂ ವಿಪತ್ತು ನಿರ್ವಹಣೆಯ ಹಣದಿಂದ. ಪರಿಶಿಷ್ಟರ ಉಪಯೋಜನೆಯ ಹಣ ತೆಗೆದು ಇದಕ್ಕ ಹಾಕಿ "ನಿಮಗೇ ಕೊಟ್ಟೀವಲ್ಲ" ಅನ್ನೋ ಆಟ ಬ್ಯಾಡ. ಇದು ನಮ್ಮ ಕಲ್ಯಾಣ ಅಲ್ಲ, ಊರಿನ ಬಾಕಿ.

3. ಮಳೆಮಾಪಕದ ಮ್ಯಾಲ ಹಣ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತಿ ಮಟ್ಟದಾಗ ಅದಾವ. ಮಾವಿನ ತೋಟಕ್ಕ ಹವಾಮಾನದ ಲೆಕ್ಕದ ಮ್ಯಾಲ ವಿಮೆ ಕೊಡಬಹುದಾದ್ರ, ಇಂತಿಷ್ಟು ದಿನ ಇಂತಿಷ್ಟು ಮಿಲಿಮೀಟರ್ ಜಡಿಮಳೆ ಹಿಡಿದರೆ ಆ ಪಂಚಾಯತಿಯ ಮಣ್ಣಿನ ಮನೆಗಳಿಗೆ ತಕ್ಷಣ ಹಣ ಯಾಕ ಕೊಡಬಾರದು? ಗೋಡೆ ಬೀಳೂದಕ್ಕ ಮೊದಲ ರೊಕ್ಕ ಬಂದ್ರ ನಾಲ್ಕು ದಿನ ಬ್ಯಾರೆ ಕಡೆ ಇದ್ದು ಜೀವ ಉಳಿಸಿಕೊಳ್ಳಬಹುದು. ಸಣ್ಣ ರಾಜ್ಯ ನಾಗಾಲ್ಯಾಂಡ್ ಮಳೆಯ ಅಳತೆ ಮ್ಯಾಲ ಹಣ ಕೊಡೋ ವಿಪತ್ತು ವಿಮೆಯನ್ನ ಸರಕಾರದ ಹೆಸರಿನಾಗೇ ಮಾಡಿಸೇತಿ. ಕರ್ನಾಟಕಕ್ಕ ಏನು ದಾಡಿ?

4. ಪಕ್ಕಾ, ಕಚ್ಚಾ, ಗುಡಿಸಲು ಅನ್ನೋ ಮೂರು ದರ ತೆಗೀರಿ. ಸೂರು ಹೋದವನಿಗೆ ಮತ್ತೆ ಸೂರು ಕಟ್ಟೋ ಖರ್ಚು ಒಂದೇ. ಮಣ್ಣಿನ ಮನೆಯ ಒಂದು ಹೊರೆ ಹೊತ್ತ ಗೋಡೆ ಬಿದ್ದರೆ ಪೂರ್ತಿ ಹಾನಿ ಅಂತ ಹಿಡೀಬೇಕು.

5. ನಕ್ಷೆ ಹಾಕೋವಾಗ ಕೇರಿಯ ಹಿರಿಯರನ್ನ ಕೇಳ್ರಿ. ಯಾವ ವರ್ಷ ನೀರು ಎಲ್ಲಿ ತನಕ ಬಂದಿತ್ತು ಅಂತ ಉಪಗ್ರಹಕ್ಕಿಂತ ನಮ್ಮ ಆಯಿಗೋಳಿಗೆ ಚೆನ್ನಾಗಿ ಗೊತ್ತೈತಿ. ನಿಂತ ನೀರು, ಗಟಾರದ ನೀರು, ಕೋಡಿ ನೀರು ಎಲ್ಲಾ ನಕ್ಷೆಯೊಳಗ ಬರಲಿ. ನಕ್ಷೆ ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೀಲಿ.

6. ಹೋಗತೀನಿ ಅನ್ನೋರಿಗೆ ಎತ್ತರದ ಜಾಗ ಊರೊಳಗೇ ಕೊಡ್ರಿ. ಹೊಸ ಬಡಾವಣೆಯಲ್ಲೂ ನಮಗ ಒಂದು ಬ್ಯಾರೆ ಮೂಲೆ ತೋರಿಸಿದರೆ ಅದು ಸ್ಥಳಾಂತರ ಅಲ್ಲ, ಕೇರಿಯ ಎರಡನೇ ಮುದ್ರಣ. ಅಂಬೇಡ್ಕರ್ ನಿವಾಸ ಯೋಜನೆಯ 1.75 ಲಕ್ಷಕ್ಕ ಇವತ್ತು ಮನೆ ಏಳೂದಿಲ್ಲ, ಅದನ್ನೂ ಏರಿಸ್ರಿ.

ಕೊನೆಗೆ, ಮಳೆ ಶುರುವಾಗೂದಕ್ಕ ಮೊದಲ ಪ್ರತಿ ಕೇರಿಯ ಹುಡುಗರು ಮಾಡಬೇಕಾದ ಕೆಲಸ. ಕೈಯಾಗ ಮೊಬೈಲ್ ಐತಿ. ಮನಿ ಮನಿಗೆ ಹೋಗಿ ನಾಲ್ಕೂ ಗೋಡೆ, ಚಾವಣಿ, ಒಳಗಿನ ಸಾಮಾನಿನ ಫೋಟೋ ತಾರೀಖು ಸಮೇತ ತೆಗೀರಿ. ಕರೆಂಟ್ ಬಿಲ್, ಪಂಚಾಯತಿ ಕರದ ಪಾವತಿ, ರೇಷನ್ ಕಾರ್ಡ್, ಹಳೇ ಹಕ್ಕುಪತ್ರ ಇದ್ದರೆ ಅದು, ಎಲ್ಲಾದರ ಫೋಟೋ ಒಂದು ಕಡೆ ಇಡ್ರಿ. ಮೂಲ ಕಾಗದ ಪ್ಲಾಸ್ಟಿಕ್ ಚೀಲದಾಗ ಹಾಕಿ ಎತ್ತರದಾಗ ಕಟ್ಟರಿ. ಉತಾರ ಇಲ್ಲದ ಮನೆಗಳ ಪಟ್ಟಿ ಮಾಡಿ ಪಿಡಿಒಗೆ, ತಹಶೀಲ್ದಾರರಿಗೆ ಅರ್ಜಿ ಕೊಡ್ರಿ, ಸ್ವೀಕೃತಿ ಇಸಕೋರಿ. ಸ್ವೀಕೃತಿ ಇಲ್ಲದ ಅರ್ಜಿ ಅರ್ಜಿನೇ ಅಲ್ಲ. ಗೋಡೆ ಬಿದ್ದರೆ ಮಣ್ಣು ಎತ್ತೂದಕ್ಕ ಮೊದಲ ಫೋಟೋ, ಸರ್ವೇ ಆದ ಮ್ಯಾಲ ಇನ್ನೊಂದು ಗೋಡೆ ಬಿದ್ದರೆ ಮತ್ತೊಂದು ಅರ್ಜಿ. ಸರ್ವೇಕ್ಕ ಬಂದ ಸಾಹೇಬರಿಗೆ ಗೌರವ ಕೊಡ್ರಿ, ಚಾ ಕುಡಸ್ರಿ, ಯಾವ ಅಕ್ಷರ ಬರದ್ರು ಅನ್ನೋದನ್ನ ಮಾತ್ರ ಕಣ್ಣಾರೆ ನೋಡದೇ ಬಿಡಬ್ಯಾಡ್ರಿ.

ಈ ಸಲದ ಗ್ರಾಮಸಭೆಗೆ ಹೆಣ್ಣುಮಕ್ಕಳು ಮುಂದ ಕೂಡಬೇಕು. ಗೋಡೆ ಬಿದ್ದಾಗ ಕೂಸು ಎತ್ತಿಕೊಂಡು ಹೊರಗ ಓಡೋರು ಅವರು. ಆರೂ ಬೇಡಿಕೆ ಠರಾವು ಪುಸ್ತಕದಾಗ ಬರಸ್ರಿ. ಬರೀದಿದ್ರ ಎದ್ದು ಬರಬ್ಯಾಡ್ರಿ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ನಾಲ್ಕೂ ತಾಲೂಕಿನ ಠರಾವು ಕೂಡಿಸಿ ಜಿಲ್ಲಾಧಿಕಾರಿಗಳ ಕಚೇರಿಗೆ ಒಂದೇ ದಿನ ಹೋಗೋಣ. ಬರೋರು ಕೆಳಗ ನಿಮ್ಮ ಊರಿನ ಹೆಸರು ಹಾಕ್ರಿ.

ಜೈ ಭೀಮ್.